ಜೆಟ್ ಬಿಟ್ಟು ಔಟ್‌ಬೋರ್ಡ್‌ಗೆ: ಹಳೆ ಗಸ್ತು ಬೋಟು ಬದಲಿಸಿದ ನಮ್ಮ ಲೆಕ್ಕ

ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಕಟ್ಟಿದ ಫೈಬರ್ ಬೋಟು ಮಳೆಗಾಲದ ಅಳಿವೆಗೆ ತಡೆಯುವುದಿಲ್ಲ ಎಂದು ದಕ್ಕೆಯಲ್ಲಿ ಹೇಳದವರೇ ಇರಲಿಲ್ಲ. ಈಗ ಅವರೇ ಬಂದು ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಅಳತೆ) ಎಷ್ಟು ಅಂತ ಕೇಳುತ್ತಾರೆ.

ನಮ್ಮ ಹಳೆ ಗಸ್ತು ಬೋಟುಗಳು ಡೀಸೆಲ್-ವಾಟರ್‌ಜೆಟ್, ಅಂದರೆ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿ ಓಡುವಂಥವು. ಅಳಿವೆಯ ಹೊಯಿಗೆ ಇಂಪೆಲ್ಲರ್ (ಜೆಟ್ ಒಳಗೆ ತಿರುಗುವ ಎಲೆಚಕ್ರ) ಅಂಚನ್ನೂ ಅದರ ಸುತ್ತಲಿನ ರಿಂಗನ್ನೂ ತಿಂದು ನಡುವಿನ ಸಂದು ದೊಡ್ಡದಾಗುತ್ತದೆ. ಆಮೇಲೆ ಆರ್‌ಪಿಎಂ ಏರುತ್ತದೆ, ಬೋಟು ಓಡುವುದಿಲ್ಲ. ನೈಲಾನ್ ಬಲೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುವುದು ಬೇರೆ. ಬಿಡಿಭಾಗ ವಿದೇಶದಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ಎಂಜಿನ್-ಜೆಟ್ ಜೋಡಿ ಹೊಸದು ಕೂರಿಸಲು ಕೇಳಿದ ದರ ಹೊಸ ಬೋಟನ್ನೂ ಮೀರಿತ್ತು. ಟ್ರಾನ್ಸಮ್ (ಬೋಟಿನ ಹಿಂಗೋಡೆ) ಮೇಲೆ ಸಣ್ಣ ಸುತ್ತಿಗೆ ಬಡಿದರೆ ಅರ್ಧ ಜಾಗದಲ್ಲಿ ಮೊಂಡು ಸದ್ದು, ಅಂದರೆ ಒಳಗಿನ ಪ್ಲೈವುಡ್ ನೀರು ಕುಡಿದಿದೆ. ಅಲ್ಲಿಗೆ ರಿಪೇರಿ ಮಾತು ಮುಗಿಯಿತು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ದೊಡ್ಡ ಬೋಟುಗಳು ದಡದಲ್ಲಿರುತ್ತವೆ. ಹೊರಡುವುದು 10 ಎಚ್‌ಪಿ ಒಳಗಿನ ನಾಡದೋಣಿಗಳು, ಮಗುಚುವುದೂ ಅವೇ, ಅದೂ ಅಳಿವೆಯ ಬಾಯಲ್ಲೇ. ಬಿದ್ದವರನ್ನು ಎತ್ತಿಕೊಳ್ಳಲು ಬೇಕಾದ್ದು ಅಲೆ ಸೀಳಿ ನುಗ್ಗುವ ಬೋಟು. 8 ಮೀಟರ್ ಡೀಪ್-ವಿ ಹಲ್ (ತಳ ಚೂಪಾದ ವಿ ಆಕಾರದ ಬೋಟಿನ ಒಡಲು), 115 ಎಚ್‌ಪಿಯ ಎರಡು ಫೋರ್‌ಸ್ಟ್ರೋಕ್ ಆರಿಸಿದೆವು. ಎಂಜಿನ್ ಒಂದಕ್ಕೆ ಹತ್ತು-ಹನ್ನೆರಡು ಲಕ್ಷ, ಹಲ್‌ಗೆ ಹೆಚ್ಚುಕಮ್ಮಿ ಹದಿನೈದು. ಹಲ್, ಎಂಜಿನ್, ರೇಡಿಯೋ-ಜಿಪಿಎಸ್ ದರ ಬೇರೆಬೇರೆಯಾಗಿಯೇ ಕೇಳಿ. ಒಟ್ಟು ಮೊತ್ತ ಕೇಳಿದರೆ ಕಡಿಮೆ ದರದವನು ಉಳಿಸುವುದು ಫೈಬರ್ ಹಿಡಿದಿಡುವ ಅಂಟಾದ ರೆಸಿನ್‌ನಲ್ಲೇ. ಹೊರಪದರಕ್ಕೆ ವಿನೈಲ್ ಎಸ್ಟರ್ ರೆಸಿನ್, ಟ್ರಾನ್ಸಮ್‌ಗೆ ಪ್ಲೈವುಡ್ ಅಲ್ಲದ ಗಟ್ಟಿ ಫೋಮ್ ಬೋರ್ಡ್ ಎಂದು ಕರಾರಿನಲ್ಲೇ ಬರೆಸಿ.

ಎಂಜಿನ್ ಕೂರಿಸುವಾಗ ಪ್ರೊಪೆಲ್ಲರ್ ಮೇಲಿನ ಚಪ್ಪಟೆ ಕ್ಯಾವಿಟೇಶನ್ ಪ್ಲೇಟು ಹಲ್ ತಳಕ್ಕೆ ಸಮವಿರಲಿ. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದರೆ ಎಂಜಿನ್ ಒಂದು ತೂತು ಕೆಳಗೆ. ಪಿಚ್ ನೋಡುವುದು ಖಾಲಿ ಬೋಟಿನಲ್ಲಲ್ಲ. ಸಿಬ್ಬಂದಿ, ತುಂಬಿದ ಟ್ಯಾಂಕು, ಎತ್ತಿಕೊಳ್ಳಬೇಕಾದವರ ತೂಕಕ್ಕೆ ಹೊಯಿಗೆ ಚೀಲ ಹಾಕಿ ಫುಲ್ ಥ್ರಾಟಲ್ ಕೊಡಿ. ಆರ್‌ಪಿಎಂ ಕಂಪನಿ ಹೇಳಿದ ಮಿತಿಯ ಮೇಲ್ತುದಿಗೆ ಬರಬೇಕು. ಪಿಚ್ ಒಂದಿಂಚು ಇಳಿಸಿದರೆ ಸುಮಾರು 150-200 ಏರುತ್ತದೆ. ಮೂರು ಎಲೆಗಿಂತ ನಾಲ್ಕು ಎಲೆಯದು ಅಲೆಯಲ್ಲಿ ಬಿಗಿಯಾಗಿ ಹಿಡಿಯುತ್ತದೆ, ವೇಗ ಕೊಂಚ ಕಡಿಮೆ. ಅದರ ಅಂಚನ್ನು ಎಲ್ಲಿ, ಎಷ್ಟು ತಿದ್ದಿಸಿದೆವು ಎಂಬುದು ನಮ್ಮಲ್ಲೇ ಇರಲಿ.

ಜೇಬಿಗೆ ಕತ್ತರಿ ಪೆಟ್ರೋಲಿನದು. ಫುಲ್ ಥ್ರಾಟಲ್‌ಗೆ ಒಂದೊಂದು ಎಂಜಿನ್ ತಾಸಿಗೆ 40 ಲೀಟರ್ ಕುಡಿಯುತ್ತದೆ, ಗಸ್ತಿಗೆ 3,500 ಆರ್‌ಪಿಎಂ ಸಾಕು. ಅದಕ್ಕಿಂತ ದೊಡ್ಡ ತಲೆನೋವು ಎಥನಾಲ್. ಬಂಕಿನಲ್ಲಿ ಸಿಗುವುದು ಇ20 (20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್), ಬಹಳಷ್ಟು ಔಟ್‌ಬೋರ್ಡ್ ಮ್ಯಾನುವಲ್ ಒಪ್ಪುವುದು 10 ಶೇಕಡಾಕ್ಕೆ. ವಾರಂಟಿಯ ಮಾತನ್ನು ಖರೀದಿಗೆ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಎಥನಾಲ್ ತೇವ ಎಳೆದು, ನೀರಿನ ಜೊತೆ ತಳಕ್ಕಿಳಿದು, ಎಂಜಿನ್‌ಗೆ ಮೊದಲು ಹೋಗುವುದು ಅದೇ. ಪ್ರತಿ ಎಂಜಿನ್‌ಗೂ ನೀರು ಬೇರ್ಪಡಿಸುವ 10 ಮೈಕ್ರಾನ್ ಸೆಪರೇಟರ್ ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದರ ನೀರು ಬಿಡಿ. ಎರಡು-ಮೂರು ವಾರಕ್ಕಿಂತ ಹೆಚ್ಚಿನ ಪೆಟ್ರೋಲ್ ಕೂಡಿಡಬೇಡಿ.

ನಡುವೆ ಪ್ರೊಪೆಲ್ಲರ್ ಗಾರ್ಡ್ (ಎಲೆ ಮನುಷ್ಯನಿಗೆ ತಾಗದಂತೆ ಸುತ್ತ ಕಟ್ಟುವ ಪಂಜರ) ಕೂಡ ಕಟ್ಟಿ ನೋಡಿದೆವು. ವೇಗ ಹೋಯಿತು, ಬಲೆ ಇನ್ನೂ ಚೆನ್ನಾಗಿ ಸಿಕ್ಕಿಕೊಂಡಿತು. ಬಿಚ್ಚಿಹಾಕಿ, ನೀರಿನಲ್ಲಿ ಮನುಷ್ಯ ಹತ್ತಿರವಾದ ಕೂಡಲೇ ಎಂಜಿನ್ ಬಂದ್ ಎಂಬ ನಿಯಮ ಮಾಡಿದೆವು. ಆನೋಡ್ (ಎಂಜಿನ್ನಿನ ಲೋಹದ ಬದಲು ತಾನೇ ಸವೆಯುವ ತುಂಡು) ಪ್ರಯೋಗ ಮಾತ್ರ ಫಲ ಕೊಟ್ಟಿತು: ಮಳೆಗಾಲದಲ್ಲಿ ಹೊಳೆ ನೀರು ಸಿಹಿಯಾದಾಗ ಸತುವಿನ ಆನೋಡ್ ಬಿಳಿ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಅಲ್ಯುಮಿನಿಯಂ ಸವೆಯುತ್ತಲೇ ಇರುತ್ತದೆ. ಸವೆಯದ ಆನೋಡ್ ನೋಡಿ ಖುಷಿಪಡುವವರು ಗೇರ್‌ಕೇಸ್ ಬಿಚ್ಚಿ ನೋಡಲಿ.

ಹಳೆ ಬೋಟಿನ ಜೆಟ್, ಗೇರ್‌ಬಾಕ್ಸ್‌ಗೆ ಗುಜರಿಯಲ್ಲಿ ಬೆಲೆಯಿದೆ, ಫೈಬರ್ ಹಲ್ ಅನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಸಾಗಿಸುವ ಹೊಣೆಯನ್ನು ಹೊಸ ಬೋಟಿನ ಟೆಂಡರ್‌ನಲ್ಲೇ ಸೇರಿಸಿಬಿಡಿ.