ಎಂಎಂಎಸ್-6 ಪ್ರೋಟೀನಿನ ಜೊತೆ ಮ್ಯಾಗ್ನೆಟೈಟ್ ಹರಳು ಬೆಳೆಸಿದ ನನ್ನ ಅನುಭವ

ಕೆರೆ, ಸಮುದ್ರಗಳ ತಳದ ಕೆಸರಿನಲ್ಲಿ ಬಾಳುವ ಕೆಲವು ಬ್ಯಾಕ್ಟೀರಿಯಗಳು ತಮ್ಮೊಳಗೆ ಕಬ್ಬಿಣ ತುಂಬಿದ ಹರಳಿನಂಥ ಕಣಗಳ ಸಾಲೊಂದನ್ನು ಕಟ್ಟಿಕೊಂಡು ಭೂಮಿಯ ಕಾಂತಕ್ಷೇತ್ರದ ಗುಂಟ ಈಜುತ್ತವೆ ಎಂಬುದನ್ನು ರಿಚರ್ಡ್ ಬ್ಲೇಕ್‌ಮೋರ್ 1975ರಲ್ಲಿ ಪ್ರಕಟಿಸಿದರು. ಆ ಕಣಗಳು ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಆಕ್ಸೈಡಿನ ಹರಳುಗಳೆಂಬುದು 1979ರಲ್ಲಿ ಖಚಿತವಾಯಿತು. ನನ್ನನ್ನು ಸೆಳೆದದ್ದು ಆ ಈಜಿಗಿಂತ ಹರಳುಗಳ ಅಚ್ಚುಕಟ್ಟುತನ. ಒಂದೇ ತಳಿಯಲ್ಲಿ ಅವುಗಳ ಆಕಾರ ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಬೀಕರಿನಲ್ಲಿ ಕಬ್ಬಿಣದ ಲವಣಗಳಿಗೆ ಕ್ಷಾರ ಬೆರೆಸಿ ನಾನು ಪಡೆಯುತ್ತಿದ್ದ ಕಣಗಳಲ್ಲಿ ದೊಡ್ಡವು, ಸಣ್ಣವು, ಮೂಲೆ ಮುರಿದಂಥವು ಎಲ್ಲವೂ ಕಲಸಿಹೋಗಿರುತ್ತಿದ್ದವು.

ಮ್ಯಾಗ್ನೆಟೋಸ್ಪಿರಿಲಮ್ ಎಂಬ ಇಂಥ ಬ್ಯಾಕ್ಟೀರಿಯದ ತಳಿಯೊಂದರ ಹರಳುಗಳಿಗೆ ಬಿಗಿಯಾಗಿ ಅಂಟಿಕೊಂಡಿದ್ದ ಎಂಎಂಎಸ್-6 ಎಂಬ ಪುಟ್ಟ ಪ್ರೋಟೀನನ್ನು ಜಪಾನಿನ ಸಂಶೋಧಕರು 2003ರಲ್ಲಿ ವರದಿ ಮಾಡಿದ್ದರು. ಅದರ ಒಂದು ತುದಿ ನೀರನ್ನು ಒಲ್ಲದೆ ಪೊರೆಯಲ್ಲಿ ನೆಲೆಯೂರುವಂಥದ್ದು. ಇನ್ನೊಂದು ತುದಿಯಲ್ಲಿ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಎಂಬ ಅಮೈನೋ ಆಮ್ಲಗಳು ದಟ್ಟವಾಗಿದ್ದು, ಅವುಗಳ ಋಣ ವಿದ್ಯುದಂಶಕ್ಕೆ ಕಬ್ಬಿಣದ ಅಯಾನುಗಳು ಕಟ್ಟುಬೀಳುತ್ತವೆ. ಇಂಥ ಅನೇಕ ಅಣುಗಳು ಗುಂಪುಗೂಡಿದಾಗ ಆಮ್ಲೀಯ ತುದಿಗಳೆಲ್ಲ ಹೊರಮೈಗೆ ಬಂದು, ಹರಳು ಮೊಳೆಯಲು ಬೇಕಾದ ನೆಲೆಯೊಂದು ಸಿದ್ಧವಾಗುತ್ತದೆ.

ನಾನು ಈ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯದಲ್ಲಿ ತಯಾರಿಸಿದೆ. ಅದು ಕರಗದ ಗಂಟುಗಳಾಗಿಯೇ ದೊರೆತದ್ದರಿಂದ ಯೂರಿಯಾದಲ್ಲಿ ಕರಗಿಸಿ, ಆ ಯೂರಿಯಾವನ್ನು ಹಂತಹಂತವಾಗಿ ತೆಗೆದು ಮತ್ತೆ ಮಡಚಿಕೊಳ್ಳಲು ಬಿಡಬೇಕಾಯಿತು. ಅಲ್ಲಿಯವರೆಗಿನ ಕೆಲಸ ತಾಳ್ಮೆಯದು ಮಾತ್ರ. ನಿಜವಾದ ತಪ್ಪು ಆದದ್ದು ಬಫರಿನ, ಅಂದರೆ ಆಮ್ಲ-ಕ್ಷಾರದ ಮಟ್ಟವನ್ನು ಕದಲದಂತೆ ಇಡುವ ದ್ರಾವಣದ, ಆಯ್ಕೆಯಲ್ಲಿ. ರೂಢಿಯಂತೆ ಪ್ರೋಟೀನನ್ನು ಫಾಸ್ಫೇಟ್ ಬಫರಿನಲ್ಲಿ ಇಟ್ಟಿದ್ದೆ. ಕಬ್ಬಿಣದ ಲವಣ ಸೇರಿಸಿದ ಕೂಡಲೇ, ಕ್ಷಾರದ ಒಂದು ಹನಿಯೂ ಬೀಳುವ ಮೊದಲೇ, ದ್ರಾವಣ ತಿಳಿಹಳದಿಯಾಗಿ ಮಬ್ಬಾಯಿತು. ಪ್ರೋಟೀನು ಕಬ್ಬಿಣವನ್ನು ಒಗ್ಗೂಡಿಸುತ್ತಿದೆ ಎಂದು ನಾನು ಹಿಗ್ಗಿದೆ. ಪ್ರೋಟೀನಿಲ್ಲದ ಬರಿಯ ಬಫರಿನಲ್ಲಿಯೂ ಅದೇ ಮಬ್ಬು ಕಂಡಾಗಲಷ್ಟೇ, ನಾನು ವಾರಗಟ್ಟಲೆ ನೋಡಿದ್ದು ನೀರಿನಲ್ಲಿ ಕರಗದ ಕಬ್ಬಿಣದ ಫಾಸ್ಫೇಟನ್ನು ಎಂಬುದು ಅರಿವಾಯಿತು. ಆಮೇಲೆ ತೆಳು ಟ್ರಿಸ್ ಬಫರಿಗೆ ಬದಲಾದೆ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಎಲ್ಲಿಯೂ ಉಳಿಯದಂತೆ ಎಚ್ಚರವಹಿಸಿದೆ.

ಮ್ಯಾಗ್ನೆಟೈಟಿನಲ್ಲಿ ಕಬ್ಬಿಣದ ಎರಡು ಅಯಾನು ರೂಪಗಳಾದ ಫೆರಸ್ ಮತ್ತು ಫೆರಿಕ್ ಪೈಕಿ ಒಂದು ಪಾಲು ಫೆರಸ್‌ಗೆ ಎರಡು ಪಾಲು ಫೆರಿಕ್ ಇರುವುದರಿಂದ ಲವಣಗಳನ್ನು ಅದೇ ಅನುಪಾತದಲ್ಲಿ ತೂಗಿದೆ. ಆಮ್ಲಜನಕ ಸೋಂಕಿದರೆ ಫೆರಸ್ ಫೆರಿಕ್ ಆಗಿ ಆ ಲೆಕ್ಕ ಕೆಡುತ್ತದೆ. ಆದ್ದರಿಂದ ನೀರಿನಲ್ಲಿ ಮೊದಲೇ ಸಾರಜನಕ ಹಾಯಿಸಿ, ಉದ್ದಕ್ಕೂ ಅದರ ಹೊದಿಕೆಯಲ್ಲಿಯೇ ಕೆಲಸ ಮಾಡಿದೆ. ಪ್ರೋಟೀನು ಮತ್ತು ಕಬ್ಬಿಣ ಬೆರೆತು ಸ್ವಲ್ಪ ಹೊತ್ತು ಕಳೆದ ಬಳಿಕ ಸೋಡಿಯಂ ಹೈಡ್ರಾಕ್ಸೈಡನ್ನು ಬಹಳ ನಿಧಾನವಾಗಿ ಹನಿಸಿದೆ. ಈ ಕ್ರಮವೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ, ಏಕೆಂದರೆ ಹರಳುಗಳು ಕಾಣಿಸಿಕೊಂಡ ಮೇಲೆ ಪ್ರೋಟೀನನ್ನು ಹಾಕಿದಾಗ ಅವು ಎಂದಿನಂತೆ ಅಡ್ಡಾದಿಡ್ಡಿಯಾಗಿಯೇ ಉಳಿದವು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಂಎಂಎಸ್-6 ಇದ್ದ ಕೊಳವೆಯ ಹರಳುಗಳು ಘನಾಕಾರಕ್ಕೆ ಹತ್ತಿರವಾಗಿ, ಒಂದರಂತೆ ಇನ್ನೊಂದು ಕಂಡವು. ಆದರೂ ಯಾವುದೇ ಪ್ರೋಟೀನು ಕಣಕ್ಕೆ ಅಂಟಿ ಅದರ ಬೆಳವಣಿಗೆಯನ್ನು ತಡೆಯಬಲ್ಲದು. ಹಾಗಾಗಿ ರಕ್ತದ ಸಾಮಾನ್ಯ ಪ್ರೋಟೀನಾದ ಸೀರಮ್ ಅಲ್ಬುಮಿನ್ ಹಾಕಿದ ಕೊಳವೆಯನ್ನೂ, ತುದಿಯ ಆಮ್ಲೀಯ ಅಮೈನೋ ಆಮ್ಲಗಳನ್ನು ವಿದ್ಯುದಂಶವಿಲ್ಲದ ಅಲನಿನ್‌ಗೆ ಬದಲಿಸಿದ ಎಂಎಂಎಸ್-6 ಇರುವ ಕೊಳವೆಯನ್ನೂ ಜೊತೆಗಿಡದೆ ನಾನು ಯಾವ ಫಲಿತಾಂಶವನ್ನೂ ನಂಬುವುದಿಲ್ಲ.

ಜೀವಕೋಶದೊಳಗೆ ಈ ಪ್ರೋಟೀನು ಒಂಟಿಯಲ್ಲ. ಮ್ಯಾಮ್-ಬಿ, ಮ್ಯಾಮ್-ಎಂ ಪ್ರೋಟೀನುಗಳು ಕಬ್ಬಿಣವನ್ನು ಹರಳು ಬೆಳೆಯುವ ಪೊರೆಯ ಚೀಲದೊಳಗೆ ಸಾಗಿಸುವುದರಲ್ಲಿ ಪಾಲ್ಗೊಳ್ಳುತ್ತವೆ, ಮ್ಯಾಮ್-ಪಿ ಫೆರಸನ್ನು ಫೆರಿಕ್ ಆಗಿಸಬಲ್ಲದು. ಎಂಎಂಎಸ್-6ರ ಜೀನನ್ನು ತೆಗೆದ ಬ್ಯಾಕ್ಟೀರಿಯ ಹರಳು ಕಟ್ಟುವುದನ್ನು ನಿಲ್ಲಿಸುವುದಿಲ್ಲ. ಹರಳು ಚಿಕ್ಕದಾಗುತ್ತದೆ, ಅದರ ಮುಖಗಳು ಬದಲಾಗುತ್ತವೆ. ಹೀಗಾಗಿ ನನ್ನ ಕೊಳವೆಯಲ್ಲಿ ಕಾಣುವ ವ್ಯತ್ಯಾಸವೂ ಗಾತ್ರ ಮತ್ತು ಆಕಾರಗಳಲ್ಲಿ ಮಾತ್ರ ಇರಬೇಕೆಂದು ನಿರೀಕ್ಷಿಸುತ್ತೇನೆ, ಮತ್ತು ಅಳೆಯುವಾಗ ಕಣ್ಣು ಆಸೆಗೆ ಒಲಿಯದಿರಲೆಂದು ಯಾವ ಚಿತ್ರ ಯಾವ ಕೊಳವೆಯದೆಂಬ ಗುರುತನ್ನು ಕೊನೆಯ ಹರಳಿನವರೆಗೂ ಮುಚ್ಚಿಟ್ಟಿರುತ್ತೇನೆ.