ಕಕ್ಕಡದ ಮಳೆಯಲ್ಲಿ ಸುಣ್ಣದ ಗಾರೆ: ಹಳೆಯ ಕುಶಿನಿಯ ಕೆಲಸದಲ್ಲಿ ನನ್ನ ಅನುಭವ

ಮಳೆಗಾಲದಲ್ಲಿ ಎಳೆದ ಸುಣ್ಣದ ಗಾರೆ ಕೊಡಗಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಮಡಿಕೇರಿಯ ಇಬ್ಬರು ಗುತ್ತಿಗೆದಾರರು ಹೇಳಿದರು, ತೋಟದ ಮನೆಯವರ ಬೆಂಗಳೂರಿನ ಮಗ ಹೇಳಿದರು. ಕರಣೆ ಹಿಡಿಯುವುದನ್ನು ನನಗೆ ಕಲಿಸಿದ ಸೋದರಮಾವನೇ ಫೋನ್ ಮಾಡಿ, "ಹೋದ ಹಣ ಹೋಯಿತು ಅಂದುಕೋ, ದೀಪಾವಳಿ ಕಳೆದ ಮೇಲೆ ಮತ್ತೆ ಶುರು ಮಾಡು" ಎಂದರು. ಆ ಗಾರೆ ಈಗ ಎರಡು ಮಳೆಗಾಲ ಕಂಡಿದೆ. ಮೊನ್ನೆ ಹೋಗಿ ಬೆರಳ ಗಂಟಿನಿಂದ ನಾಲ್ಕೂ ಗೋಡೆಗಳನ್ನು ತಟ್ಟಿ ನೋಡಿ ಬಂದೆ. ಎಲ್ಲಿಯೂ ಪೊಳ್ಳು ಸದ್ದಿಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಮಾದಾಪುರದ ಕಡೆಯ ಕಾಫಿ ತೋಟ ಅದು. ಬ್ರಿಟಿಷ್ ದೊರೆಗಳ ಕಾಲದ ಬಂಗಲೆ, ಅದರ ಹಿಂದೆ ಹದಿನೈದು ಹೆಜ್ಜೆ ದೂರದಲ್ಲಿ ಪ್ರತ್ಯೇಕ ಕುಶಿನಿ, ಅಂದರೆ ಅಡುಗೆಮನೆ. ಬೆಂಕಿಯ ಭಯಕ್ಕೆ, ಹೊಗೆಯ ಕಾಟಕ್ಕೆ ಆ ಕಾಲದಲ್ಲಿ ಅಡುಗೆಯನ್ನು ಹೀಗೆ ಹೊರಗಿಡುತ್ತಿದ್ದರು. ಉದ್ದ ಇಪ್ಪತ್ತನಾಲ್ಕು ಅಡಿ, ಅಗಲ ಹದಿನಾಲ್ಕು ಇರಬಹುದು. ಸೊಂಟದ ಮಟ್ಟದವರೆಗೆ ಕಾಡುಗಲ್ಲು, ಅಲ್ಲಿಂದ ಮೇಲೆ ಸುಡದ ಹಸಿ ಇಟ್ಟಿಗೆ, ಗೋಡೆ ಒಂದೂವರೆ ಅಡಿ ದಪ್ಪ. ಎಂಬತ್ತರ ದಶಕದಲ್ಲಿ ಯಾರೋ ಒಳಗೂ ಹೊರಗೂ ಸಿಮೆಂಟ್ ಬಳಿದು, ಮಾಡಿನ ನೆತ್ತಿಯ ಮೋಪಿನ ಮೇಲಿನ ಹೊಗೆಗಂಡಿ ಮುಚ್ಚಿ, ಒಲೆಕಟ್ಟೆ ಒಡೆದು ಗ್ಯಾಸಿಗೆ ಹಲಗೆ ಹಾಕಿದ್ದರು. 2018ರ ಆಗಸ್ಟ್ ಮಳೆಗೆ ಹಿಂದಿನ ಗುಡ್ಡದ ನೀರೆಲ್ಲ ಆ ಗೋಡೆಯ ಬುಡಕ್ಕೆ ನುಗ್ಗಿ, ಸಿಮೆಂಟಿನ ಹಿಂದೆ ಇಟ್ಟಿಗೆ ಗಂಜಿಯಂತಾಗಿತ್ತು. ಹೊರಗಿನಿಂದ ನೋಡಿದರೆ ಗೋಡೆ ನೆಟ್ಟಗಿತ್ತು. ಒತ್ತಿದರೆ ಹೆಬ್ಬೆರಳು ಒಳಗೆ ಹೋಗುತ್ತಿತ್ತು.

ಮನೆಯ ಹಿರಿಯಮ್ಮನ ಬೇಡಿಕೆ ಒಂದೇ. "ಮೇಸ್ತ್ರಿಯವರೇ, ನಾನು ಮದುವೆಯಾಗಿ ಈ ಮನೆಗೆ ಬಂದಾಗ ಕುಶಿನಿ ಹೇಗಿತ್ತೋ ಹಾಗೆ ಮಾಡಿ ಕೊಡಿ." ಮಗನಿಗೆ ಹೋಂಸ್ಟೇಯ ಊಟದ ಕೋಣೆ ಬೇಕಿತ್ತು, ಸಿಮೆಂಟ್ ಬಳಿದು ಮೇಲೆ ಸುಣ್ಣದ ಬಣ್ಣದ ಪೇಂಟ್ ಹೊಡೆದರೆ ಸಾಕು ಎನ್ನುವ ಲೆಕ್ಕ. ನಾನು ಅಮ್ಮನ ಪರ ನಿಂತೆ. ಆದರೆ ಅವರು ಮದುವೆಯಾಗಿ ಬಂದ ಕಾಲಕ್ಕಿಂತಲೂ ಹಿಂದೆ ಹೋಗಬೇಕು ಎಂಬ ಆಸೆ ನನಗಿತ್ತು.

ಹಿಂದೆ ಎಂದರೆ ಎಷ್ಟು ಹಿಂದೆ? ಹಂಚು ತಿರುಗಿಸಿ ನೋಡಿದರೆ ಬಾಸೆಲ್ ಮಿಷನ್ ಮುದ್ರೆ, ಪಕ್ಕದಲ್ಲಿ 1865. ಮಗ ಅಲ್ಲಿಯೇ ಫೋಟೋ ತೆಗೆದು "1865ರ ಕಟ್ಟಡ" ಎಂದು ಎಲ್ಲರಿಗೂ ಕಳಿಸಿಬಿಟ್ಟರು. ನಮ್ಮವರಲ್ಲಿಯೂ ಹಲವರು ಇದೇ ತಪ್ಪು ಮಾಡುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಮಿಷನ್ ಮುದ್ರೆಯಿದ್ದರೆ ಹಂಚು ಅದಕ್ಕಿಂತ ಹಿಂದಿನದು ಎಂದಷ್ಟೇ ಹೇಳಬಹುದು. ಮಾಡಿನ ಅರ್ಧಕ್ಕಿಂತ ಹೆಚ್ಚು ಹಂಚು ಆ ಮುದ್ರೆಯವೇ. ಗೋಡೆಯ ಮೂಲೆಯಲ್ಲಿ ಬ್ಲೇಡಿನಿಂದ ಅಂಗೈಯಗಲ ಕೆರೆದು ಸುಣ್ಣದ ಪದರ ಎಣಿಸಿದೆ. ಸಿಮೆಂಟ್ ತಲುಪದ, ಬಾಗಿಲ ಹಿಂದಿನ ಒಂದು ಪಟ್ಟಿ ಅದು. ಹದಿಮೂರೋ ಹದಿನಾಲ್ಕೋ ಪದರ. ಎಲ್ಲಕ್ಕಿಂತ ಕೆಳಗಿನದು ಬಿಳಿಯಲ್ಲ, ಹಾಲಿಗೆ ಒಂದು ಹನಿ ಕಾಫಿ ಬಿದ್ದ ಬಣ್ಣ. ಇನ್ನು ಹೊಗೆಗಂಡಿ: ಹಳೆಯ ಆಲ್ಬಮಿನಲ್ಲಿ ಯಾರೋ ನಾಯಿಯೊಂದಿಗೆ ನಿಂತ ಚಿತ್ರದ ಹಿಂದೆ ಕುಶಿನಿಯ ತಲೆ ಕಾಣುತ್ತಿತ್ತು, ಮೋಪಿನ ಮೇಲೆ ಪುಟ್ಟ ಎರಡನೆಯ ಮಾಡು, ನಡುವೆ ಓರೆ ಹಲಗೆಗಳು. ಭೂತಗನ್ನಡಿ ಹಿಡಿದು ಎಣಿಸಿದೆ, ಬದಿಗೆ ಐದು ಹಲಗೆ. ನನಗೆ ಅಷ್ಟು ಸಾಕಿತ್ತು.

ಮೊದಲ ಪೆಟ್ಟು ಸಿಮೆಂಟ್ ಕೀಳುವಾಗ ಬಿತ್ತು. ಉಳಿ ಹಾಕಿದಲ್ಲೆಲ್ಲ ಸಿಮೆಂಟಿನ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬಂತು. ಹದಿನೈದು ದಿನ ಎಂದುಕೊಂಡದ್ದು ಒಂದೂವರೆ ತಿಂಗಳಾಯಿತು. ಸುಮಾರು ಎಂಟುನೂರು ಹಸಿ ಇಟ್ಟಿಗೆ ಹೊಸದಾಗಿ ಮಾಡಬೇಕಾಯಿತು, ತೋಟದ ಮಣ್ಣಿನಲ್ಲಿಯೇ. ಮಾಡಿನ ಕೆಲಸ ಮೇ ಕೊನೆಗೆ ಮುಗಿಯಿತು. ಹಳೆಯ ನಂದಿ ಮರದ ಪಕಾಸುಗಳ ಮೇಲೆ ನೂರು ವರ್ಷದ ಹೊಗೆ ಕರ್ರಗೆ ಅರಗಿನಂತೆ ಕೂತಿತ್ತು. ಮಗ ತಂತಿಬ್ರಷ್ ಹಾಕಿ ಹೊಳಪು ಬರಿಸಿ ಎಂದರು, ನಾನು ಒಪ್ಪಲಿಲ್ಲ. ಎಂಬತ್ತರಲ್ಲಿ ಸಿಲ್ವರ್ ಓಕಿನಲ್ಲಿ ಹಾಕಿದ್ದ ಮೂರು ಪಕಾಸು ಹುಳ ಹಿಡಿದು ಹಿಟ್ಟು ಉದುರಿಸುತ್ತಿದ್ದವು, ಹೊಗೆ ಕುಡಿದ ನಂದಿಯಲ್ಲಿ ಒಂದು ತೂತೂ ಇರಲಿಲ್ಲ. ಅದನ್ನು ತೋರಿಸಿದ ಮೇಲೆ ಅವರು ಸುಮ್ಮನಾದರು. ನನ್ನ ತಲೆಗೆ ಒಲೆಯ ವಿಚಾರ ಹೊಕ್ಕಿದ್ದೂ ಅಲ್ಲಿಯೇ. ಕುಶಿನಿಯನ್ನು ಇಷ್ಟು ಕಾಲ ಕಾಪಾಡಿದ್ದು ಅದರ ಒಲೆ. ಒಲೆ ಆರಿದ ಮೇಲೆಯೇ ಅದು ಕೊಳೆತದ್ದು.

ಗಾರೆಗೆ ಕೈ ಹಾಕುವ ಹೊತ್ತಿಗೆ ಜೂನ್ ಎರಡನೆಯ ವಾರ. ಸಂಪಾಜೆ ಘಾಟಿ ಹತ್ತಿಸಿ ತರಿಸಿದ ಚಿಪ್ಪುಸುಣ್ಣ, ಎರಡು ತಿಂಗಳು ಗುಂಡಿಯಲ್ಲಿ ಕೊಳೆತದ್ದು, ಬೆಣ್ಣೆಯಂತಿತ್ತು. ಮೂರಕ್ಕೆ ಒಂದು ಮರಳು–ಸುಣ್ಣ, ಕತ್ತಾಳೆ ನಾರು, ಬೆಲ್ಲ ಮತ್ತು ಅಳಲೆಕಾಯಿಯ ನೀರು. ಸುರ್ಕಿಯನ್ನು, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ನೆಲಕ್ಕೆ, ಕಲ್ಲಿನ ಭಾಗಕ್ಕೆ ಮಾತ್ರ ಹಾಕಿದೆ. ಹಸಿ ಇಟ್ಟಿಗೆಯ ಮೇಲೆ ಸುರ್ಕಿ ಬೇಡ, ಗೋಡೆಗಿಂತ ಗಾರೆ ಗಟ್ಟಿಯಾದರೆ ಮತ್ತೆ ಸಿಮೆಂಟಿನ ಕಥೆಯೇ. ಹನ್ನೊಂದು ದಿನವಾದರೂ ಗಾರೆ ಬಲಿಯಲಿಲ್ಲ. ಹೊರಗೆ ಮಳೆ ಒಂದೇ ಸಮನೆ, ಒಳಗೆ ಬಟ್ಟೆ ಹಿಂಡಿದರೆ ನೀರು ಬರುವಂಥ ಗಾಳಿ. ಹನ್ನೆರಡನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಉತ್ತರದ ಗೋಡೆಯ ಅರ್ಧ ಗಾರೆ ಮೊಸರಿನಂತೆ ಜಾರಿ ನೆಲದ ಮೇಲೆ ಬಿದ್ದಿತ್ತು. ಸೋದರಮಾವನ ಫೋನ್ ಬಂದದ್ದು ಅಂದೇ.

ಸೋಲೊಪ್ಪಲಾರದೆ, ಹೊಸದಾಗಿ ಕಟ್ಟಿದ್ದ ಒಲೆ ಹೊತ್ತಿಸಿದೆ. ಆಗ ಮಾಡಿದ್ದು ಎರಡನೆಯ ತಪ್ಪು: ಕಾಫಿ ಕೊರಡು ಪೇರಿಸಿ ಮದುವೆ ಮನೆಯ ಒಲೆಯಂತೆ ಉರಿಸಿದೆ. ನಾಲ್ಕೇ ದಿನಕ್ಕೆ ಉಳಿದ ಗಾರೆ ಬೇಸಿಗೆಯ ಕೆರೆಯಂತೆ ಬಿರಿದು, ಕೈಯಿಟ್ಟರೆ ಹಪ್ಪಳದಂತೆ ಎದ್ದು ಬಂತು. ಒಣಗಿತ್ತು, ಆದರೆ ಸುಣ್ಣ ಕಲ್ಲಾಗಿರಲಿಲ್ಲ. ಎರಡೂ ಬೇರೆ ಬೇರೆ ಎಂದು ನಾನೇ ಹುಡುಗರಿಗೆ ಪಾಠ ಹೇಳುವವನು, ಆತುರದಲ್ಲಿ ಮರೆತಿದ್ದೆ. ಈ ಎರಡು ಸಲದ ಗಾರೆಯ ಖರ್ಚು, ಅರವತ್ತು ಸಾವಿರದ ಆಸುಪಾಸು, ನನ್ನ ಕೈಯಿಂದಲೇ ಹೋಯಿತು. ಮನೆಯವರಲ್ಲಿ ಒಂದು ರೂಪಾಯಿ ಕೇಳಲಿಲ್ಲ.

ಮೂರನೆಯ ಸಲ ಮಾಡಿದ್ದು ಹೀಗೆ. ಉರಿ ಬೇಡ, ಕಾವು ಬೇಕು, ಬೆಂಕಿಯಿಂದ ಬರುವ ಕೆಟ್ಟ ಗಾಳಿಯೂ (ಇಂಗಾಲದ ಡೈಆಕ್ಸೈಡ್) ಬೇಕು, ಸುಣ್ಣ ಅದನ್ನೇ ಕುಡಿದು ಕಲ್ಲಾಗುವುದು. ಒಲೆಯಲ್ಲಿ ಮತ್ತು ಮೂರು ಕಬ್ಬಿಣದ ಬಾಣಲೆಗಳಲ್ಲಿ ಉಮಿ, ಅದರೊಂದಿಗೆ ಕಾಫಿಯ ಹೊಟ್ಟು. ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕು, ಹೊಟ್ಟಿನಲ್ಲಿ ಎಷ್ಟು ಹಸಿಯಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅರವತ್ತು ಸಾವಿರ ಕೊಟ್ಟು ಕಲಿತ ವಿದ್ಯೆ. ಬಾಣಲೆಯಲ್ಲಿ ಜ್ವಾಲೆ ಎದ್ದರೆ ಸೋತಿರಿ ಎಂದು ತಿಳಿಯಿರಿ. ಕಿಟಕಿಗಳಿಗೆ ಒದ್ದೆ ಗೋಣಿ, ದಿನಕ್ಕೆ ಎರಡು ಸಲ ಗೋಡೆಗೆ ಸುಣ್ಣದ ತಿಳಿನೀರಿನ ಸಿಂಪಡಣೆ. ಹದಿನೆಂಟು ಹಗಲು, ಹದಿನೆಂಟು ರಾತ್ರಿ. ಮೂರನೆಯ ರಾತ್ರಿ ಕಾವಲಿದ್ದ ಹುಡುಗ ಒಳಗೇ ಮಲಗಿ, ಬೆಳಿಗ್ಗೆ ತಲೆ ಸಿಡಿಯುತ್ತದೆ ಎಂದು ವಾಂತಿ ಮಾಡಿಕೊಂಡ. ದೊಡ್ಡ ಅನಾಹುತ ತಪ್ಪಿತು. ಯಾರೇ ಇದನ್ನು ಮಾಡಿದರೂ ಹೊಗೆಗಂಡಿ ಸದಾ ತೆರೆದಿರಲಿ, ಒಳಗೆ ಯಾರೂ ಮಲಗಕೂಡದು, ಕಾವಲು ಹೊರಗಿನ ಜಗಲಿಯಲ್ಲಿ. ಇದರಲ್ಲಿ ಗುಟ್ಟೇನೂ ಇಲ್ಲ, ಎಲ್ಲರಿಗೂ ತಿಳಿಯಬೇಕು.

ಸುಣ್ಣ ಕಲ್ಲಾಗುತ್ತಿದೆಯೋ ಇಲ್ಲವೋ ನೋಡಲು ಅರಿಶಿನ ಹಿಡಿದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ಕೆಂಪಾಗುವುದು ಯಾರಿಗೆ ಗೊತ್ತಿಲ್ಲ? ಕಲ್ಲಾದ ಸುಣ್ಣಕ್ಕೆ ಆ ಕೆಂಪು ಬರುವುದಿಲ್ಲ. ಮೂಲೆಯಲ್ಲಿ ಬೆರಳುಗುರಿನಷ್ಟು ಗಾರೆ ಮುರಿದು, ಮುರಿದ ಅಂಚಿಗೆ ಕಡ್ಡಿಯಿಂದ ಅರಿಶಿನದ ನೀರು ಮುಟ್ಟಿಸಿದೆ. ಐದನೆಯ ದಿನ ಪೂರ್ತಿ ರಕ್ತಗೆಂಪು, ಹೊರಮೈಯಲ್ಲಿ ಮಾತ್ರ ಕೂದಲೆಳೆಯ ಹಳದಿ. ಹತ್ತನೆಯ ದಿನ ಹಳದಿ ಅಕ್ಕಿಕಾಳಿನ ದಪ್ಪ. ಹದಿನೆಂಟಕ್ಕೆ ಸುಮಾರು ಎರಡು ನೂಲು, ಅಂದರೆ ಕಾಲಿಂಚು. ಹೋಲಿಸಲೆಂದೇ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅದೇ ಗಾರೆಯನ್ನು ಒಂದು ಹಲಗೆಯ ಮೇಲೆ ಬಳಿದಿಟ್ಟಿದ್ದೆ, ಬೆಂಕಿ ಕಾಣದ ಗಾರೆ. ಅದರಲ್ಲಿ ಹಳದಿ ಇನ್ನೂ ಕೂದಲೆಳೆಯೇ. ಆ ಎರಡು ತುಂಡುಗಳನ್ನು ಅಂಗೈ ಮೇಲೆ ಇಟ್ಟು ತೋರಿಸಿದಾಗ ಹಿರಿಯಮ್ಮ ಮಗನ ಕಡೆ ನೋಡಿದರು, ಮಾತಾಡಲಿಲ್ಲ. ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಆಗಸ್ಟ್ 3ಕ್ಕೆ, ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು, ಮದ್ದುಸೊಪ್ಪಿನ ಪಾಯಸ ಆ ಒಲೆಯ ಮೇಲೆಯೇ ಬೆಂದಿತು. ಹೊಸ ಒಲೆಕಟ್ಟೆಯ ಮೇಲೆ ಆ ಸೊಪ್ಪಿನ ನೇರಳೆ ಬಣ್ಣದ ರಸ ಚೆಲ್ಲಿ ಕಲೆಯಾಯಿತು. ಅಳಿಸಬೇಡಿ ಎಂದು ನಾನೇ ಹೇಳಿದೆ.

ಅದೇ ವಾರ ಇನ್ನೊಂದು ಪಾಠವಾಯಿತು. ಪಣಂಪುಳಿ ಹಣ್ಣಿನ ಕಾಲ. ಹಿರಿಯಮ್ಮ ದೊಡ್ಡ ಮಡಕೆಯಲ್ಲಿ ಅದರ ರಸ ಕಾಯಿಸಿ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿ, ಇಳಿಸತೊಡಗಿದರು. ಕರ್ರಗೆ ಗಟ್ಟಿಯಾಗುತ್ತಿದ್ದ ರಸದ ಒಂದು ಸೌಟು ಕಟ್ಟೆಯ ನಯಗಾರೆಯ ಮೇಲೆ ಬಿತ್ತು. ಸಣ್ಣಗೆ ಚುಂಯ್ ಎಂದು ನೊರೆ ಎದ್ದಿತು, ಒರೆಸಿದಾಗ ಹೊಳಪು ಹೋಗಿ ಮರಳು ಕಾಣುತ್ತಿತ್ತು. ಹುಳಿ ಸುಣ್ಣವನ್ನು ತಿನ್ನುತ್ತದೆ ಎಂದು ಗೊತ್ತಿದ್ದರೂ ಇಷ್ಟು ಬೇಗ ಎಂದುಕೊಂಡಿರಲಿಲ್ಲ. ನನಗೆ ಇಂಥದ್ದು ಸಿಕ್ಕರೆ ಬಿಡಲಾಗುವುದಿಲ್ಲ. ಆರು ಬಿಲ್ಲೆ ಗಾರೆ ಮಾಡಿ, ಒಂದಕ್ಕೆ ಸೋಪಿನ ನೀರು, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಜೇನುಮೇಣ, ಒಂದಕ್ಕೆ ಎಣ್ಣೆ ಮತ್ತು ಮೇಣ, ಒಂದಕ್ಕೆ ಮೊಟ್ಟೆಯ ಬಿಳಿ ತಿಕ್ಕಿ, ಒಂದನ್ನು ಹಾಗೆಯೇ ಬಿಟ್ಟು, ಎಲ್ಲದಕ್ಕೂ ಕಾಚಂಪುಳಿ ಹನಿಸಿದೆ. ಎಣ್ಣೆ ಮತ್ತು ಮೇಣದ್ದು ಒಂದು ಗಂಟೆ ತಡೆಯಿತು. ಮಿಕ್ಕವು ನಾಲ್ಕಾರು ನಿಮಿಷಕ್ಕೆ ಸೋತವು. ಕೊನೆಗೆ ಹುಳಿ ಕಾಯಿಸುವ ಬದಿಗೆ ಹಾಸುಗಲ್ಲು ಕೂರಿಸಿದೆ. ಹಳೆಯ ಒಲೆಕಟ್ಟೆಯ ಬುಡ ಅಗೆದಾಗ ಅದೇ ಬದಿಯಲ್ಲಿ ಚಪ್ಪಟೆ ಕಲ್ಲಿನ ಚೂರು ಸಿಕ್ಕಿತ್ತು, ಆಗ ಅದರ ಅರ್ಥ ನನಗೆ ಹೊಳೆದಿರಲಿಲ್ಲ.

ಒಲೆಯ ಸುತ್ತ ಸುಣ್ಣ ಬಳಿದಷ್ಟು ಸಲವೂ ಹೊಗೆಯ ಹಳದಿ ಕಲೆ ಹೊರಗೆ ಬರುತ್ತಿತ್ತು. ಸೋಡಾಕಾರದಲ್ಲಿ ತೊಳೆದೆ, ಬರಲಿಲ್ಲ. ಸೆಗಣಿ ಮತ್ತು ಸುಣ್ಣ ಕಲಸಿ ತೆಳ್ಳಗೆ ಒಂದು ಕೈ ಎಳೆದ ಮೇಲೆ ನಿಂತಿತು. ಆ ಹಾಲು–ಕಾಫಿ ಬಣ್ಣವನ್ನು ಯಾವುದರಿಂದ ತಂದೆ ಎಂದು ಅನೇಕರು ಕೇಳಿದ್ದಾರೆ. ತೋಟದಲ್ಲಿಯೇ ಸಿಗುವ ಮಣ್ಣು ಎಂದಷ್ಟೇ ಹೇಳುತ್ತೇನೆ. ಹೊರಗಿನ ಗಾರೆಯನ್ನು ಡಿಸೆಂಬರಿನಲ್ಲಿ ಮಾಡಿದೆವು, ಅದರಲ್ಲಿ ಹೇಳುವಂಥದ್ದೇನಿಲ್ಲ. ಹಿಂದಿನ ಗುಡ್ಡದ ಬುಡಕ್ಕೆ ಎರಡಡಿ ಆಳದ ಚರಂಡಿ ತೆಗೆದೆವು. ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಖರ್ಚಿನ ಮಾತು. ನಾನು ಬರೆದುಕೊಟ್ಟಿದ್ದು ನಾಲ್ಕೂಕಾಲು ಲಕ್ಷ, ಆದದ್ದು ಆರೂಮುಕ್ಕಾಲಿನ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಗಾರೆಯವರಿಗೆ ದಿನಕ್ಕೆ ಸಾವಿರದ ನೂರು, ಕೈಯಾಳಿಗೆ ಏಳುನೂರು, ಮೇಲೆ ಊಟ. ಸುಣ್ಣಕ್ಕಿಂತ ಅದರ ಲಾರಿ ಬಾಡಿಗೆಯೇ ಜಾಸ್ತಿ ಬಿತ್ತು. ಹಳೆಯ ನಂದಿ ಮರ ಕುಶಾಲನಗರದ ಬಳಿ ಕೆಡವಿದ ಮನೆಯೊಂದರದ್ದು, ಎಪ್ಪತ್ತು ಸಾವಿರವೋ ಏನೋ ಆಯಿತು. ಸಿಮೆಂಟಿನಲ್ಲಿ ಮಾಡುತ್ತೇನೆಂದು ಬಂದಿದ್ದ ಗುತ್ತಿಗೆದಾರರ ಲೆಕ್ಕ ಮೂರೂವರೆ ಲಕ್ಷ. ಅವರು ಸುಳ್ಳು ಹೇಳಿರಲಿಲ್ಲ. ಆದರೆ ಸಿಮೆಂಟ್ ಬಳಿದ ಹಸಿ ಇಟ್ಟಿಗೆಯ ಗತಿ ಏನಾಯಿತು ಎಂದು ಆ ಗೋಡೆಯೇ ತೋರಿಸಿತ್ತು. ಕೊಡಗಿನ ಮಳೆಗೆ ಸುಣ್ಣ ತಡೆಯದು ಎನ್ನುವವರಿಗೆ ನಾನು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು ತೋರಿಸುತ್ತೇನೆ. ಕೊಡಗಿನ ರಾಜ ಲಿಂಗರಾಜೇಂದ್ರ ಅದನ್ನು ಕಟ್ಟಿಸಿದ್ದು 1820ರಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ.

ಈಗ ಅಲ್ಲಿ ವಾರಕ್ಕೆ ಮೂರು ದಿನವಾದರೂ ಒಲೆ ಹೊತ್ತುತ್ತದೆ. ಕೆಲಸ ಬಿಟ್ಟುಕೊಡುವಾಗ ನಾನು ಹಾಕಿದ ಷರತ್ತು ಅದು. ಅಟ್ಟದ ಮೇಲೆ ಹಲಸಿನ ಬೀಜ, ಒಣಗಿಸುವ ಮಾಂಸ, ಕರಿಮೆಣಸು ಮತ್ತೆ ಬಂದಿವೆ. ಮಗ ಹೋಂಸ್ಟೇಗೆ ಬಂದವರನ್ನು ಮೊದಲು ಕುಶಿನಿಗೇ ಕರೆದುಕೊಂಡು ಹೋಗುತ್ತಾರಂತೆ. ಬಂಗಲೆಯಿಂದ ಕುಶಿನಿಗೆ ಹೋಗುವ ಮಾಡಿನ ದಾರಿ ಇನ್ನೂ ಬಾಕಿ. ಎಂಟು ಕಂಬ ಬೇಕು, ಐದಕ್ಕೆ ಹಳೆಯ ಮರ ಸಿಕ್ಕಿದೆ. ಪುತ್ತರಿ ಹಬ್ಬ ಕಳೆದು ಗದ್ದೆ ಕೊಯ್ಲು ಮುಗಿದರೆ ಕೈಯಾಳುಗಳು ಸಿಗುತ್ತಾರೆ, ಆಗ ಶುರು ಮಾಡುತ್ತೇನೆ.