ಕರೆಂಟ್ ಹೋಗಿ ಬಂದರೂ ಅಡುಗೆಮನೆ ಪ್ರಿಂಟರಿನ ಐಪಿ ಬದಲಾಗದ ಹಾಗೆ ಮಾಡಿದೆ

ದಾವಣಗೆರೆಯಲ್ಲಿ ಎರಡಂತಸ್ತಿನ ಒಂದು ಹೋಟೆಲ್. ಕೆಳಗೆ ಕ್ಯಾಶ್ ಕೌಂಟರ್, ಅಡುಗೆಮನೆಯಲ್ಲೊಂದು ಥರ್ಮಲ್ ಪ್ರಿಂಟರ್, ಮೇಲೆ ಬೆಣ್ಣೆದೋಸೆ ಹಾಕುವ ಕಡೆ ಇನ್ನೊಂದು. ಆರ್ಡರ್ ತಗೊಳ್ಳೋಕೆ ಮೂರ್ನಾಲ್ಕು ಟ್ಯಾಬ್. ಕರೆಂಟ್ ಹೋಗಿ ಬಂದರೆ ದೋಸೆ ಆರ್ಡರಿನ ಚೀಟಿಯೇ ಬರುತ್ತಿರಲಿಲ್ಲ. ಪ್ರಿಂಟರ್ ಕೆಟ್ಟಿದೆ ಅಂತ ಮಾಲೀಕರು ಸುಮಾರು 7 ಸಾವಿರ ಕೊಟ್ಟು ಹೊಸದು ತಂದರು. ಅದೂ ಅದೇ ಪಾಡು.

ಪ್ರಿಂಟರ್ ಸರಿಯಾಗಿಯೇ ಇತ್ತು. ಇಂಟರ್ನೆಟ್‌ನವರ ಫೈಬರ್ ಬಾಕ್ಸ್ ಆಫ್ ಆಗಿ ಆನ್ ಆದಾಗ, ಯಾವ ಯಂತ್ರಕ್ಕೆ ಯಾವ ಐಪಿ (ನೆಟ್‌ವರ್ಕಿನಲ್ಲಿ ಆ ಯಂತ್ರದ ನಂಬರು) ಅನ್ನುವ ಹಳೆಯ ಲೀಸ್ ಪಟ್ಟಿ ಅಳಿಸಿಹೋಗುತ್ತಿತ್ತು. ಮೊದಲು ಯಾರು ಕೇಳಿದರೋ ಅವರಿಗೆ ಮೊದಲ ನಂಬರು.

ನನಗಿಂತ ಮುಂಚೆ ಬಂದವರು ಪ್ರಿಂಟರಿಗೆ 192.168.1.105 ಅಂತ ಸ್ಟ್ಯಾಟಿಕ್, ಅಂದರೆ ಪ್ರಿಂಟರಿನಲ್ಲೇ ಬರೆದಿಡುವ ಕಾಯಂ ನಂಬರು, ಕೊಟ್ಟಿದ್ದರು. ಬಾಕ್ಸಿನ ಡಿಎಚ್‌ಸಿಪಿ ಪೂಲ್, ಅಂದರೆ ಅದು ತಾನಾಗಿ ಹಂಚುವ ನಂಬರುಗಳು, ಶುರುವಾಗುವುದೇ 100ರಿಂದ. ಗಿರಾಕಿಗಳ ಮೊಬೈಲಿಗೂ ಅದೇ 105 ಹೋಗುತ್ತಿತ್ತು, ಇಬ್ಬರಿಗೂ ಒಂದೇ ನಂಬರಾಗಿ ಚೀಟಿ ದಾರಿ ತಪ್ಪುತ್ತಿತ್ತು. ನಾನು ಅದನ್ನು ಪೂಲಿನ ಹೊರಗೆ 240ಕ್ಕೆ ಹಾಕಿದೆ. ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಇಂಟರ್ನೆಟ್‌ನವರು ಬಾಕ್ಸ್ ಬದಲಾಯಿಸಿದರು. ಹೊಸದರಲ್ಲಿ 192.168.0 ಸರಣಿ, ಪ್ರಿಂಟರ್ ಮಾತ್ರ ಇನ್ನೂ 192.168.1ರಲ್ಲೇ, ಹಾಗಾಗಿ ಯಾರಿಗೂ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ, ತುಂಬಿದ ಹೋಟೆಲಿನಲ್ಲಿ ಕೈಬರಹದ ಚೀಟಿ!

ಆಗಲೇ ತೀರ್ಮಾನಿಸಿದೆ. ಬಿಲ್ಲಿಂಗ್‌ಗೆ ಬೇರೆ ರೂಟರ್, ಬೇರೆ ಸರಣಿ, ಎಲ್ಲದಕ್ಕೂ ಮ್ಯಾಕ್ (ಯಂತ್ರದ ಹುಟ್ಟುಗುರುತು) ನೋಡಿ ರಿಸರ್ವೇಶನ್, ಅಂದರೆ ಆ ಯಂತ್ರಕ್ಕೆ ರೂಟರೇ ಯಾವಾಗಲೂ ಅದೇ ನಂಬರು ಕೊಡುವುದು. ಜೊತೆಯವರು ಒಪ್ಪಲಿಲ್ಲ. "ಎರಡು ಪ್ರಿಂಟರಿಗೆ ಇನ್ನೊಂದು ರೂಟರ್ ಯಾಕಣ್ಣ? ಸ್ಟ್ಯಾಟಿಕ್ ಹಾಕಿ ಎದ್ದು ಬನ್ನಿ" ಅಂದರು. ಮಾಲೀಕರೂ "ಮತ್ತೆ ಖರ್ಚಾ ಸಾರ್?" ಅಂದರು. ಕೆಲಸ ಆಗದಿದ್ದರೆ ರೂಟರ್ ವಾಪಸ್ ತಗೊಂಡು ಹೋಗ್ತೀನಿ ಅಂದೆ.

ಹೊಸ ರೂಟರ್ 192.168.50.1. ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಬರುವ ಕಿಂಡಿ) ಫೈಬರ್ ಬಾಕ್ಸಿನ ಕೇಬಲ್. ಇಂಟರ್ನೆಟ್‌ನವರು ಬಾಕ್ಸ್ ಎಷ್ಟು ಸಲ ಬದಲಾಯಿಸಿದರೂ ಒಳಗಿನ ನಂಬರು ಅಲುಗುವುದಿಲ್ಲ. ಗಿರಾಕಿಗಳ ವೈಫೈ ಫೈಬರ್ ಬಾಕ್ಸಿನಲ್ಲೇ ಉಳಿಯಿತು.

ಪ್ರಿಂಟರ್ ಆಫ್ ಮಾಡಿ, ಫೀಡ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಸೆಲ್ಫ್ ಟೆಸ್ಟ್ ಚೀಟಿ ಬರುತ್ತದೆ, ಗೊತ್ತಲ್ವಾ. ಹೊಸ ಪ್ರಿಂಟರಿನ ಚೀಟಿಯಲ್ಲಿ 192.168.123.100 ಅಂತಿತ್ತು. ಅಗ್ಗದ ಪ್ರಿಂಟರುಗಳಲ್ಲಿ ಈ ನಂಬರು ಜಾಸ್ತಿ ಕಾಣಸಿಗುತ್ತದೆ. ಲ್ಯಾಪ್‌ಟಾಪಿಗೆ 192.168.123.50 ಕೊಟ್ಟು ಒಳಹೊಕ್ಕು ಡಿಎಚ್‌ಸಿಪಿ ಆನ್ ಮಾಡಿದೆ. ಮುಂದಿನದ್ದೆಲ್ಲ ರೂಟರಿನಲ್ಲೇ.

ತಲೆ ತಿಂದದ್ದು ಟ್ಯಾಬುಗಳು. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನು, ಟ್ಯಾಬುಗಳು ಸಾಮಾನ್ಯವಾಗಿ ವೈಫೈಗೆ ತಮ್ಮ ನಿಜವಾದ ಮ್ಯಾಕ್ ತೋರಿಸುವುದಿಲ್ಲ, ಯಾವುದೋ ಸುಳ್ಳು ಮ್ಯಾಕ್ ಕೊಡುತ್ತವೆ. ಹೊಸ ವೈಫೈಗೆ ಸೇರಿಸಿದಾಗ ಅದು ನಮ್ಮ ಪಟ್ಟಿಗೆ ತಾಳೆ ಆಗಲಿಲ್ಲ. ಪ್ರತಿ ಟ್ಯಾಬಿನಲ್ಲೂ ಆ ವೈಫೈಯ ಸೆಟ್ಟಿಂಗಿಗೆ ಹೋಗಿ 'ಡಿವೈಸ್ ಮ್ಯಾಕ್' ಆರಿಸಬೇಕು.

ವಿಂಡೋಸ್ ಕಡೆ ಇನ್ನೊಂದು ಕಾಟ. ಪಿಂಗ್ ಮಾಡಿ 'ಇದ್ದೀಯಾ' ಅಂತ ಕೇಳಿದರೆ ಉತ್ತರ ಬರುತ್ತದೆ, ವಿಂಡೋಸಿನಲ್ಲಿ ಪ್ರಿಂಟರ್ ಮಾತ್ರ ಆಫ್‌ಲೈನ್. ಟಿಸಿಪಿ/ಐಪಿ ಪೋರ್ಟ್ 9100 ಸರಿಯಾಗಿಯೇ ಇತ್ತು. ಪ್ರಿಂಟರಿನ ಸ್ಥಿತಿ ವಿಚಾರಿಸುವ 'ಎಸ್‌ಎನ್‌ಎಂಪಿ ಸ್ಟೇಟಸ್' ಟಿಕ್ ತೆಗೆದ ಮೇಲೆ ಚೀಟಿ ಬಂತು. ವಿಂಡೋಸ್ ತಾನಾಗಿ ಹುಡುಕಿ ಸೇರಿಸುವ ಡಬ್ಲ್ಯುಎಸ್‌ಡಿ ಪೋರ್ಟ್ ಕಂಡರೆ ಕಿತ್ತು ಬಿಸಾಕಿ.

ನಡುವೆ ಮನೆಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಡಿಎನ್‌ಎಸ್‌ಮಾಸ್ಕ್ (ನಂಬರು ಹಂಚುವ ಸಾಫ್ಟ್‌ವೇರ್) ಹಾಕಿ ನೋಡಿದೆ. ಚೆನ್ನಾಗಿತ್ತು. ಆದರೆ ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಹಾಳಾಯಿತು, ಹೋಟೆಲಿಗೆ ತರುವ ಧೈರ್ಯ ಬರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆ ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ, 192.168.50.2 ಕೊಟ್ಟು, ಹೊಸ ರೂಟರಿನ ಲ್ಯಾನ್ ಪೋರ್ಟಿನಿಂದ (ಒಳಗಿನ ಯಂತ್ರಗಳ ಕಿಂಡಿ) ಇದರ ಲ್ಯಾನ್ ಪೋರ್ಟಿಗೆ ಕೇಬಲ್ ಎಳೆದು ಮೇಲಂತಸ್ತಿನ ವೈಫೈ ಮಾಡಿದೆ. ಅದಕ್ಕೆ ಖರ್ಚೇ ಇಲ್ಲ.

ರೂಟರ್ 1,500ರ ಆಸುಪಾಸು, ಕೇಬಲ್ಲಿಗೆ 800 ಇರಬೇಕು, ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ 1,200. ನನ್ನ ಕೂಲಿ 3 ಸಾವಿರ. ಎಲ್ಲ ಸೇರಿದರೂ ಸುಮ್ನೆ ತಂದ ಆ ಪ್ರಿಂಟರಿಗಿಂತ ಕಡಿಮೆ. ಯಾವ ಸಾಧನಕ್ಕೆ ಯಾವ ನಂಬರು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಫೋನಿನಲ್ಲಿ ದೂರು ಕೇಳಿದ ಕೂಡಲೇ ಯಾವ ಮೂಲೆಯ ಯಾವ ಯಂತ್ರ ಅಂತ ಹೇಳಿಬಿಡಬಲ್ಲೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಡಿಸಿಡುವುದಿಲ್ಲ.

ಮಳೆಗಾಲ ಪೂರ್ತಿ ಕಳೆಯಿತು, ಫೈಬರ್ ಬಾಕ್ಸ್ ಇನ್ನೊಂದು ಸಲ ಬದಲಾಯಿತು. ಎರಡೂ ಪ್ರಿಂಟರ್ ಹಳೆಯ ನಂಬರಿನಲ್ಲೇ ಇವೆ. ಸ್ಟ್ಯಾಟಿಕ್ ಹಾಕಿ ಅಂದವರಲ್ಲಿ ಒಬ್ಬರು ಈಗ ಕಲ್ಯಾಣ ಮಂಟಪವೊಂದರ ಹದಿನಾರು ಕ್ಯಾಮೆರಾಗಳಿಗೆ ಹೀಗೇ ಮಾಡಿಕೊಡಿ ಅಂತ ಕರೆದಿದ್ದಾರೆ. ಮುಂದಿನ ವಾರ ಆ ಕೆಲಸ.